ಜುಡಿತ್ ಸಾರ್ಜೆಂಟ್ ಮರ್ರೆಯ ಇಪ್ಪತ್ತು ಪತ್ರಪುಸ್ತಕಗಳು: ಕಳೆದದ್ದು ಹೇಗೆ, ಉಳಿದದ್ದು ಹೇಗೆ

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ನ್ಯಾಚೆಜ್ ಎಂಬ ನದೀತೀರದ ಊರಿದೆ. 1984ರಲ್ಲಿ ಅಲ್ಲಿನ ಆರ್ಲಿಂಗ್ಟನ್ ಎಂಬ ಹಳೇ ಬಂಗಲೆಯಲ್ಲಿ ಕೈಬರಹದ ಇಪ್ಪತ್ತು ಹೊತ್ತಿಗೆಗಳು ಸಿಕ್ಕವು. ಹುಡುಕಿದವರು ಗಾರ್ಡನ್ ಗಿಬ್ಸನ್. ವೃತ್ತಿಯಿಂದ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಪಂಥದ ಪಾದ್ರಿ, ಇತಿಹಾಸದ ಗೀಳಿನವರು. ಹೊತ್ತಿಗೆಗಳ ತುಂಬ ಪತ್ರಗಳ ನಕಲು, ಒಟ್ಟು ಸುಮಾರು 2,500. ಬರೆದವಳು ಜುಡಿತ್ ಸಾರ್ಜೆಂಟ್ ಮರ್ರೆ, ಗಂಡುಹೆಣ್ಣಿನ ಸಮಾನತೆಯ ಪರ ವಾದಿಸಿದ ಪ್ರಬಂಧಕಾರ್ತಿ, ನಾಟಕಕಾರ್ತಿ. ಹುಟ್ಟಿದ್ದು 1751ರಲ್ಲಿ, ಮ್ಯಾಸಚೂಸೆಟ್ಸ್‌ನ ಗ್ಲಾಸ್ಟರ್ ಬಂದರಿನಲ್ಲಿ. ತೀರಿಕೊಂಡದ್ದು 1820ರಲ್ಲಿ, ಇದೇ ನ್ಯಾಚೆಜ್‌ನಲ್ಲಿ. ನಡುವಿನ 164 ವರ್ಷ ಆಕೆಯ ಕಾಗದಪತ್ರಗಳೆಲ್ಲ ದಕ್ಷಿಣದ ತೇವದಲ್ಲಿ ಬೂಷ್ಟು ಹಿಡಿದು ಹೋದವು ಎಂದೇ ಲೋಕ ನಂಬಿತ್ತು.

ಈ ಪ್ರಕರಣದಲ್ಲಿ ಪ್ರಶ್ನೆ ಎರಡು. ಅಷ್ಟು ದೊಡ್ಡ ಮನೆತನದ ಹೆಣ್ಣುಮಗಳ ಕಾಗದಗಳು ಕಣ್ಣಿಗೆ ಬೀಳದೆ ಹೋದದ್ದು ಹೇಗೆ? ಯಾರೂ ನೋಡಿಕೊಳ್ಳದಿದ್ದರೂ ಉಳಿದದ್ದು ಹೇಗೆ? ಎರಡನೆಯದಕ್ಕೆ ಉತ್ತರ ಆ ಹೊತ್ತಿಗೆಗಳ ಕಟ್ಟಿನಲ್ಲೇ ಇದೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡಬೇಕು.

ಪತ್ರಪುಸ್ತಕ ಎಂದರೆ ಬಂದ ಕಾಗದಗಳನ್ನು ಪೋಣಿಸಿಟ್ಟ ಕಡತವಲ್ಲ. ಕಳಿಸಿದ ಪತ್ರದ ನಕಲನ್ನು ಕಳಿಸಿದವರೇ ಒಂದು ಖಾಲಿ ಹೊತ್ತಿಗೆಯಲ್ಲಿ ಎತ್ತಿಟ್ಟುಕೊಳ್ಳುವ ದಾಖಲೆ. ಆ ಕಾಲದ ವ್ಯಾಪಾರಿಗಳಲ್ಲಿ ಇದು ಮಾಮೂಲು. ಹಡಗಿನಲ್ಲಿ ಹೋದ ಪತ್ರ ತಲುಪದಿದ್ದರೆ, ಬೆಲೆಯ ಬಗ್ಗೆ ತಕರಾರು ಬಂದರೆ, ನಕಲೇ ಸಾಕ್ಷಿ. ಜುಡಿತ್ ಹುಟ್ಟಿದ್ದು ಹಡಗು ವ್ಯಾಪಾರದ ಮನೆಯಲ್ಲಿ, ಮೊದಲು ಮದುವೆಯಾದದ್ದೂ ಹಡಗಿನ ಕಪ್ತಾನನನ್ನು. ಅಂಗಡಿಯ ಈ ಅಭ್ಯಾಸವನ್ನು ಆಕೆ ಮನೆಯ ಪತ್ರಗಳಿಗೂ ತಂದಳು. ತಂಗಿ, ತಮ್ಮಂದಿರು, ಗಂಡ, ಗೆಳತಿಯರು, ಪತ್ರಿಕೆಯ ಸಂಪಾದಕರು, ಯಾರಿಗೆ ಬರೆದರೂ ಒಂದು ನಕಲು.

ಆಗ ಯಂತ್ರದ ನೆರವು ಇಲ್ಲವೆಂದೇ ಹೇಳಬೇಕು. ಹಸಿ ಕಾಗದ ಒತ್ತಿ ನಕಲೆತ್ತುವ ಪ್ರೆಸ್ಸಿಗೆ ಜೇಮ್ಸ್ ವಾಟ್ ಪೇಟೆಂಟ್ ಪಡೆದದ್ದು 1780ರಲ್ಲಿ, ಕಾರ್ಬನ್ ಕಾಗದದ ಮೊದಲ ಪೇಟೆಂಟ್ ಬಂದದ್ದು 1806ರಲ್ಲಿ. ಜುಡಿತ್ 1774ರ ಹೊತ್ತಿಗೇ ನಕಲು ಇಡಲು ಶುರು ಮಾಡಿದ್ದಳು, ಅದೂ ಕೈಯಿಂದ. ಪತ್ರದ ತಲೆಯಲ್ಲಿ ಯಾರಿಗೆ, ಯಾವ ಊರಿಂದ, ಯಾವ ತಾರೀಕು, ಕೆಳಗೆ ಒಕ್ಕಣೆ. ಲೆಕ್ಕ ಹಾಕಿದರೆ 1774ರಿಂದ 1818ರವರೆಗಿನ 44 ವರ್ಷಕ್ಕೆ ಸರಾಸರಿ ವಾರಕ್ಕೊಂದಕ್ಕಿಂತ ಹೆಚ್ಚು ಪತ್ರ, ಅದೂ ಎರಡೆರಡು ಸಲ ಬರೆದದ್ದು. ಹಂಸದ ಗರಿಯ ಲೇಖನಿಯ ಮೊನೆ ಎರಡು ಮೂರು ಪುಟಕ್ಕೇ ಮೊಂಡಾಗುತ್ತದೆ, ಮತ್ತೆ ಚಾಕುವಿನಿಂದ ಸೀಳಿ ಕೊರೆಯಬೇಕು. ಮನೆ ನಡೆಸುತ್ತ, ಮಗುವಿಗೆ ತಾನೇ ಪಾಠ ಹೇಳುತ್ತ ಇಷ್ಟು ಮಾಡಿದಳೆಂದರೆ ಇದು ಹವ್ಯಾಸವಲ್ಲ, ವ್ರತ.

ಅಂಚೆಯ ಖರ್ಚೂ ಇದಕ್ಕೆ ಕುಮ್ಮಕ್ಕು ಕೊಟ್ಟಿರಬೇಕು. 1792ರ ಅಮೆರಿಕದ ಅಂಚೆ ಕಾಯ್ದೆಯ ಪ್ರಕಾರ ಒಂದು ಹಾಳೆಯ ಪತ್ರಕ್ಕೆ 30 ಮೈಲಿಯೊಳಗೆ 6 ಸೆಂಟ್, 450 ಮೈಲಿ ದಾಟಿದರೆ 25 ಸೆಂಟ್. ಎರಡು ಹಾಳೆಯಾದರೆ ಇಮ್ಮಡಿ. ಸಾಮಾನ್ಯವಾಗಿ ಹಣ ತೆರುತ್ತಿದ್ದವರು ಪಡೆದವರು. ಗಡಿಸೀಮೆಯಲ್ಲಿದ್ದ ತಮ್ಮನಿಗೆ ಬರೆದ ಕಾಗದ ದಾರಿಯಲ್ಲಿ ಕಳೆದರೆ ಮತ್ತೆ ಬರೆಯಲು ನೆನಪೊಂದೇ ಸಾಲದು.

ಈ ಪದ್ಧತಿಯ ದೊಡ್ಡ ಲಾಭ ಇಲ್ಲಿದೆ. ಮೂಲ ಪತ್ರಗಳು ಪಡೆದವರ ಮನೆಗಳಲ್ಲಿ ಚೆದುರಿಹೋಗುತ್ತವೆ. ಹಾಗೆ ಚೆದುರಿದ ಕಾಗದ ಒಲೆಗೋ ರದ್ದಿಗೋ ಸೇರುವುದೇ ಹೆಚ್ಚು. ರಟ್ಟು ಕಟ್ಟಿದ ಹೊತ್ತಿಗೆ ಹಾಗಲ್ಲ. ಕಪಾಟಿನಲ್ಲಿ ಅದು ಪುಸ್ತಕದಂತೆ ಕಾಣುತ್ತದೆ, ಪುಸ್ತಕ ಎಸೆಯಲು ಕೈ ಬರುವುದಿಲ್ಲ. ಸರಕು ಕಟ್ಟುವಾಗಲೂ ಪುಸ್ತಕಗಳ ಜೊತೆಗೇ ಹೋಗುತ್ತದೆ. ಯಾರೂ ಓದದಿದ್ದರೂ ಇವು ಒಂದು ಕಡೆ ಕೂಡಿಕೊಂಡಿದ್ದವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ.

ಮನೆತನದ ವಿಷಯ. ಅಜ್ಜ ಎಪ್ಸ್ ಸಾರ್ಜೆಂಟ್ ಗ್ಲಾಸ್ಟರಿನ ಸಿರಿವಂತ. ಜಾನ್ ಸಿಂಗಲ್ಟನ್ ಕಾಪ್ಲಿ ಬರೆದ ಅವನ ಭಾವಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಪ್ಪ ವಿನ್ಥ್ರಪ್ ಸಾರ್ಜೆಂಟ್ ಹಡಗುಗಳ ಮಾಲೀಕ. ಬದುಕಿ ಬೆಳೆದ ಮಕ್ಕಳಲ್ಲಿ ಜುಡಿತ್ ಹಿರಿಯಳು. ಎರಡು ವರ್ಷ ಕಿರಿಯ ತಮ್ಮನಿಗೂ ವಿನ್ಥ್ರಪ್ ಎಂದೇ ಹೆಸರು. ಅವನನ್ನು ಹಾರ್ವರ್ಡಿಗೆ ಕಳಿಸಿದರು, 1771ರಲ್ಲಿ ಪದವಿ ಪಡೆದ. ಅಕ್ಕನಿಗೆ ಮನೆಯಲ್ಲಿ ಸಿಕ್ಕಷ್ಟೇ ಓದು. ಈ ಕೊರಗು ಆಕೆಯನ್ನು ಕಡೆಯವರೆಗೂ ಬಿಡಲಿಲ್ಲ. 1779ರಲ್ಲಿ ಬರೆದು 1790ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ‘ಮ್ಯಾಸಚೂಸೆಟ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾದ, ಗಂಡುಹೆಣ್ಣಿನ ಸಮಾನತೆಯ ಕುರಿತ ಪ್ರಬಂಧದ ವಾದದ ಬುಡ ಇದೇ: ಎರಡು ವಯಸ್ಸಿನ ಗಂಡುಮಗುವಿನ ಬುದ್ಧಿ ಅದೇ ವಯಸ್ಸಿನ ಹೆಣ್ಣುಮಗುವಿಗಿಂತ ಹೆಚ್ಚೇನಲ್ಲ, ಒಂದನ್ನು ಏರಿಸುತ್ತಾರೆ, ಇನ್ನೊಂದನ್ನು ಅದುಮುತ್ತಾರೆ, ಆಮೇಲೆ ಬಂದ ಅಂತರಕ್ಕೆ ಪ್ರಕೃತಿಯ ಹೆಸರಿಡುತ್ತಾರೆ. ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಇಂಗ್ಲೆಂಡಿನಲ್ಲಿ ಇದೇ ವಿಷಯದ ತನ್ನ ಪುಸ್ತಕ ಹೊರತಂದದ್ದು 1792ರಲ್ಲಿ.

18 ತುಂಬಿದ ವರ್ಷ, 1769ರಲ್ಲಿ, ಜಾನ್ ಸ್ಟೀವನ್ಸ್‌ನೊಂದಿಗೆ ಮದುವೆ. ಕಾಪ್ಲಿ ಆಕೆಯನ್ನೂ ಚಿತ್ರಿಸಿದ. ಆ ಚಿತ್ರ ಈಗ ಟೆರ್ರಾ ಫೌಂಡೇಶನ್ನಿನ ಸಂಗ್ರಹದಲ್ಲಿದೆ. 1782ರಲ್ಲಿ ಗ್ಲಾಸ್ಟರಿನ ಮಿಡಲ್ ಸ್ಟ್ರೀಟಿನಲ್ಲಿ ದೊಡ್ಡ ಮನೆ ಎದ್ದಿತು. ಆದರೆ ಕ್ರಾಂತಿಯುದ್ಧ ಹಡಗು ವ್ಯಾಪಾರದ ಬೆನ್ನು ಮುರಿದಿತ್ತು. ಸಾಲ ಕೊಟ್ಟವರು ಬಾಗಿಲಿಗೆ ಬಂದರು. ಜೈಲಿನ ಭಯಕ್ಕೆ ಸ್ಟೀವನ್ಸ್ ತನ್ನ ಮನೆಯೊಳಗೇ ಬಾಗಿಲು ಹಾಕಿಕೊಂಡು ಕೂತ, ಕೊನೆಗೆ 1786ರಲ್ಲಿ ವೆಸ್ಟ್ ಇಂಡೀಸಿನ ಸೇಂಟ್ ಯುಸ್ಟೇಶಿಯಸ್ ದ್ವೀಪಕ್ಕೆ ಓಡಿದ, ಅಲ್ಲೇ ತೀರಿಹೋದ. ಆಗಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ಆಸ್ತಿಯ ಅಸ್ತಿತ್ವವೇ ಗಂಡನೊಳಗೆ ಕರಗಿರುತ್ತಿತ್ತು, ಗಂಡನ ಸಾಲಕ್ಕೆ ಮನೆಯ ಪಾತ್ರೆಪಗಡವೂ ಹೊಣೆ. ಹೆಣ್ಣುಮಕ್ಕಳು ತಮ್ಮ ಅನ್ನ ತಾವು ಸಂಪಾದಿಸಲು ಕಲಿಯಬೇಕು ಎಂದು ಮುಂದೆ ಆಕೆ ಮತ್ತೆ ಮತ್ತೆ ಬರೆದದ್ದಕ್ಕೆ ಹಿನ್ನೆಲೆ ಇದು.

1788ರಲ್ಲಿ ಎರಡನೆಯ ಮದುವೆ, ಜಾನ್ ಮರ್ರೆಯೊಂದಿಗೆ. ಅಮೆರಿಕದಲ್ಲಿ ಯೂನಿವರ್ಸಲಿಸ್ಟ್ ಪಂಥಕ್ಕೆ, ಅಂದರೆ ಕಡೆಗೆ ಎಲ್ಲರಿಗೂ ಮುಕ್ತಿಯಿದೆ ಎನ್ನುವ ಕ್ರೈಸ್ತ ಪಂಥಕ್ಕೆ, ತಳಹದಿ ಹಾಕಿದ ಬೋಧಕ. ಸಾರ್ಜೆಂಟ್ ಕುಟುಂಬವೇ ಅವನ ಮೊದಲ ಆಸರೆ. ಮರ್ರೆ ಬರುವ ಮೊದಲೇ ಆಕೆ ಆ ಪಂಥದ ಮಕ್ಕಳಿಗಾಗಿ ಪ್ರಶ್ನೋತ್ತರ ರೂಪದ ಪಾಠಪುಸ್ತಕ ಬರೆದಳು ಎಂದು ಕೆಲವೊಮ್ಮೆ ಓದುತ್ತೇವೆ, ಅದು ತಪ್ಪು. ಮರ್ರೆ ಗ್ಲಾಸ್ಟರಿಗೆ ಕಾಲಿಟ್ಟದ್ದು 1774ರಲ್ಲಿ, ಪುಸ್ತಕ ಬಂದದ್ದು 1782ರಲ್ಲಿ. ಮೊದಲ ಗಂಡು ಮಗು ಉಳಿಯಲಿಲ್ಲ. 1791ರಲ್ಲಿ ಜೂಲಿಯಾ ಮರಿಯಾ ಹುಟ್ಟಿದಳು, ಒಬ್ಬಳೇ ಮಗಳು.

ಇನ್ನು ಕಾಗದಗಳು ಮರೆಯಾದದ್ದಕ್ಕೆ ಕಾರಣ. ಮೊದಲ ಕಾರಣ ಹೆಸರುಗಳ ಗೋಜಲು, ಇದರಲ್ಲಿ ಜುಡಿತಳ ಪಾಲೂ ಇದೆ. ‘ಕಾನ್‌ಸ್ಟಾಂಶಿಯ’ ಆಕೆಯ ಗುಪ್ತನಾಮ. ಅದೇ ಕಾಲದಲ್ಲಿ, ಅದೇ ಪತ್ರಿಕೆಯಲ್ಲಿ, ಸಾರಾ ವೆಂಟ್‌ವರ್ತ್ ಮಾರ್ಟನ್ ಎಂಬ ಕವಯಿತ್ರಿಯೂ ಅದೇ ಹೆಸರಿನಿಂದ ಬರೆದಳು. ತಕರಾರಾದ ಮೇಲೆ ‘ಫಿಲೇನಿಯ’ ಎಂದು ಬದಲಿಸಿಕೊಂಡಳು. 1792ರಿಂದ 1794ರವರೆಗೆ ಜುಡಿತ್ ‘ದಿ ಗ್ಲೀನರ್’ ಎಂಬ ಅಂಕಣ ಬರೆದದ್ದು ಮಿಸ್ಟರ್ ವಿಜಿಲಿಯಸ್ ಎಂಬ ಗಂಡಸಿನ ವೇಷದಲ್ಲಿ. ಹೆಂಗಸಿನ ಬರಹವೆಂದರೆ ಓದುವ ಮೊದಲೇ ತಲೆಯೊಲೆಯುವವರಿದ್ದಾರೆ ಎಂಬ ಲೆಕ್ಕಾಚಾರ ಅದರ ಹಿಂದೆ. 1795ರಲ್ಲಿ ‘ದಿ ಮೀಡಿಯಮ್’, 1796ರಲ್ಲಿ ‘ದಿ ಟ್ರಾವೆಲರ್ ರಿಟರ್ನ್ಡ್’ ಎಂಬ ನಾಟಕಗಳು ಬಾಸ್ಟನ್ನಿನ ಫೆಡರಲ್ ಸ್ಟ್ರೀಟ್ ರಂಗಮಂದಿರದಲ್ಲಿ ಆಡಲ್ಪಟ್ಟವು. ಮ್ಯಾಸಚೂಸೆಟ್ಸ್‌ನಲ್ಲಿ ನಾಟಕದ ನಿಷೇಧ ಎದ್ದು ಆಗಿನ್ನೂ ಎರಡು ಮೂರು ವರ್ಷ. ಬರೆದವನು ಗಂಡ ಪಾದ್ರಿಯೇ ಇರಬೇಕು ಎಂಬ ಗುಸುಗುಸು ಎದ್ದಿತು.

1798ರಲ್ಲಿ ‘ದಿ ಗ್ಲೀನರ್’ ಮೂರು ಸಂಪುಟಗಳಲ್ಲಿ ಬಂತು, ನೂರು ಪ್ರಬಂಧ, ಅಚ್ಚು ಹಾಕಿದವರು ಬಾಸ್ಟನ್ನಿನ ಥಾಮಸ್ ಮತ್ತು ಆಂಡ್ರ್ಯೂಸ್. ಚಂದಾ ಪದ್ಧತಿ: ಮೊದಲು ಹೆಸರು ಬರೆಸಿ ಕೊಳ್ಳುವವರನ್ನು ಗೊತ್ತು ಮಾಡಿಕೊಂಡು ಆಮೇಲೆ ಅಚ್ಚು. ಕಾಗದ, ಮುದ್ರಣದ ಖರ್ಚು ಲೇಖಕಿಯ ತಲೆಗೆ ಬೀಳದಂತೆ ಇದೊಂದೇ ದಾರಿ. ಆಕೆ ಪರಿಚಯದ ಎಲ್ಲರಿಗೂ ಪತ್ರ ಬರೆದಳು. 700ಕ್ಕೂ ಹೆಚ್ಚು ಚಂದಾದಾರರು ಸಿಕ್ಕರು, ಜಾರ್ಜ್ ವಾಷಿಂಗ್ಟನ್ ಕೂಡ ಒಬ್ಬ. ಅರ್ಪಣೆ ಅಧ್ಯಕ್ಷ ಜಾನ್ ಆಡಮ್ಸ್‌ಗೆ. ವೇಷ ಕಳಚಿ ತಾನು ಹೆಂಗಸೆಂದು ಹೇಳಿಕೊಂಡದ್ದು ಪುಸ್ತಕದ ಕೊನೆಯಲ್ಲಿ, ಅದೂ ಕಾನ್‌ಸ್ಟಾಂಶಿಯ ಎಂಬ ಇನ್ನೊಂದು ಮುಸುಕಿನಲ್ಲೇ.

ಕ್ಯಾಟಲಾಗು ನೋಡುವವರ ಕಷ್ಟ ಊಹಿಸಿ. ಒಬ್ಬಳೇ ಹೆಂಗಸು ಜುಡಿತ್ ಸಾರ್ಜೆಂಟ್, ಜುಡಿತ್ ಸ್ಟೀವನ್ಸ್, ಜುಡಿತ್ ಮರ್ರೆ, ಕಾನ್‌ಸ್ಟಾಂಶಿಯ, ವಿಜಿಲಿಯಸ್. ಅಮ್ಮನ ಹೆಸರೂ ಜುಡಿತ್. ಅಪ್ಪ ವಿನ್ಥ್ರಪ್, ತಮ್ಮ ವಿನ್ಥ್ರಪ್, ಕಿರಿಯ ತಮ್ಮನ ಮಗನೂ ವಿನ್ಥ್ರಪ್. ಈ ಕುಟುಂಬದ ಕಾಗದಗಳಲ್ಲಿ ಕೆಲಸ ಮಾಡುವವರು ಮೊದಲು ಮಾಡಬೇಕಾದದ್ದು ಒಂದು ವಂಶವೃಕ್ಷ ಬರೆದು ಪ್ರತಿ ಹೆಸರಿನ ಮುಂದೆ ಹುಟ್ಟಿದ ವರ್ಷ ಹಾಕಿಟ್ಟುಕೊಳ್ಳುವುದು. ಪತ್ರದ ತಲೆಯಲ್ಲಿ ‘ತಮ್ಮನಿಗೆ’ ಎಂದಷ್ಟೇ ಇದ್ದರೆ ಊರು ನೋಡಬೇಕು: ಬಾಸ್ಟನ್, ಗ್ಲಾಸ್ಟರ್ ಸುತ್ತಮುತ್ತಲಾದರೆ ಫಿಟ್ಜ್ ವಿಲಿಯಂ, ಒಹಾಯೊ ಕಡೆಯ ಗಡಿಸೀಮೆ ಅಥವಾ ಮಿಸಿಸಿಪಿಯಾದರೆ ವಿನ್ಥ್ರಪ್. ಇದನ್ನು ಬಿಟ್ಟು ಮುಂದೆ ಹೋದವರು ತಂದೆಯ ಮಾತನ್ನು ಮಗನ ಬಾಯಿಗೆ ಹಾಕುತ್ತಾರೆ.

ಎರಡನೆಯ ಕಾರಣ ಮಗಳ ಮದುವೆ. ಹಾರ್ವರ್ಡಿನಲ್ಲಿ ಓದಲು ಬಂದಿದ್ದ ಆಡಂ ಲೂಯಿಸ್ ಬಿಂಗಮನ್ ಮರ್ರೆಯವರ ಮನೆಯಲ್ಲಿ ಊಟವಸತಿಗಿದ್ದ. ನ್ಯಾಚೆಜ್‌ನ ದೊಡ್ಡ ತೋಟಗಾರರ ಮಗ. ತೋಟವೆಂದರೆ ಗುಲಾಮರ ದುಡಿಮೆಯ ತೋಟ. 1812ರಲ್ಲಿ ಅವನೂ ಜೂಲಿಯಾ ಮರಿಯಾಳೂ ಗುಟ್ಟಾಗಿ ಮದುವೆಯಾದರು. ಜಾನ್ ಮರ್ರೆಗೆ 1809ರಲ್ಲೇ ಪಾರ್ಶ್ವವಾಯು ಹೊಡೆದಿತ್ತು, 1815ರಲ್ಲಿ ತೀರಿಕೊಂಡ. ಜುಡಿತ್ ಅವನ ಪತ್ರ, ಉಪದೇಶಗಳನ್ನು ಮೂರು ಸಂಪುಟವಾಗಿ ಹೊರತಂದಳು. ಅವನು ಅರ್ಧಕ್ಕೆ ಬಿಟ್ಟ ಆತ್ಮಕಥೆಯನ್ನು ಪೂರ್ತಿ ಮಾಡಿ 1816ರಲ್ಲಿ ಪ್ರಕಟಿಸಿದಳು. ಗಂಡನ ಬರಹ ಹೀಗೆ ಅಚ್ಚಾಗಿ ಉಳಿಯಿತು. ಆಕೆಯ ಪತ್ರಗಳನ್ನು ಅಚ್ಚು ಮಾಡಿಸಲು ಯಾರೂ ಇರಲಿಲ್ಲ. 1818ರಲ್ಲಿ ಮಗಳ ಜೊತೆ ಎರಡು ಸಾವಿರ ಕಿಲೋಮೀಟರಿಗೂ ಆಚೆಯ ನ್ಯಾಚೆಜ್‌ಗೆ ಹೊರಟಳು. ಹೊತ್ತಿಗೆಗಳೂ ಹೊರಟವು.

1820ರ ಜುಲೈನಲ್ಲಿ ಜುಡಿತ್ ಸತ್ತಳು. ಅದರ ಹಿಂದಿನ ತಿಂಗಳು ತಮ್ಮ ವಿನ್ಥ್ರಪ್ ಸತ್ತಿದ್ದ. 1822ರಲ್ಲಿ ಮಗಳೂ ಹೋದಳು. ಎರಡೇ ವರ್ಷದಲ್ಲಿ, ಆ ಹೊತ್ತಿಗೆಗಳಲ್ಲಿ ಏನಿದೆಯೆಂದು ಬಲ್ಲ ಹತ್ತಿರದ ಮೂವರೂ ಇಲ್ಲ. ಉಳಿದ ಮೊಮ್ಮಗಳ ಹೆಸರಿನಲ್ಲಿ ಸಾರ್ಜೆಂಟ್ ಇಲ್ಲ, ಮರ್ರೆ ಇಲ್ಲ, ಬಿಂಗಮನ್. ಅಳಿಯ ಬಿಂಗಮನ್‌ನ ಹೆಸರು ಮುಂದೆ ನಿಂತದ್ದು ರಾಜಕೀಯದಲ್ಲಿ ಮತ್ತು ಕುದುರೆ ಪಂದ್ಯದಲ್ಲಿ. ಅತ್ತೆಯ ಪತ್ರಗಳಿಗೆ ಅಲ್ಲಿ ಓದುಗರು ಯಾರು? ಉತ್ತರದಲ್ಲಿ ಆಕೆಯನ್ನು ಬಲ್ಲವರಿಗೆ ಹೊತ್ತಿಗೆ ಎಲ್ಲಿವೆ ತಿಳಿಯದು, ದಕ್ಷಿಣದಲ್ಲಿ ಹೊತ್ತಿಗೆ ಇದ್ದವರಿಗೆ ಆಕೆ ಯಾರೆಂದು ತಿಳಿಯದು. ಬೂಷ್ಟಿನ ಮಾತನ್ನು ಎಲ್ಲರೂ ನಂಬಿದ್ದು ಅದು ನಂಬುವಂತೆಯೇ ಇದ್ದದ್ದರಿಂದ. ನ್ಯಾಚೆಜ್‌ನ ಬೇಸಗೆಯ ಹವೆ ನಮ್ಮ ಮಂಗಳೂರಿನ ಮಳೆಗಾಲವನ್ನು ನೆನಪಿಸುವಂಥದ್ದು. 1931ರಲ್ಲಿ ವೀನಾ ಬರ್ನಡೆಟ್ ಫೀಲ್ಡ್ ಆಕೆಯ ಬಗ್ಗೆ ಇಡೀ ಅಧ್ಯಯನ ಪ್ರಕಟಿಸಿದರೂ ಆಧಾರ ಅಚ್ಚಾದ ಬರಹಗಳೇ.

ಇದೇ ಅವಧಿಯಲ್ಲಿ ಮನೆತನ ಏನನ್ನು ಕಾಪಾಡಿಕೊಂಡಿತು ಎಂದು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟ. ಭಾವಚಿತ್ರಗಳು ಉಳಿದವು. ತಮ್ಮ ವಿನ್ಥ್ರಪ್ 1798ರಿಂದ 1801ರವರೆಗೆ ಮಿಸಿಸಿಪಿ ಪ್ರಾಂತ್ಯದ ಮೊದಲ ಗವರ್ನರ್. ಸರ್ಕಾರದ ದಾಖಲೆಯಲ್ಲಿ ಅವನ ಹೆಸರಿಗೆ ಭಯವಿಲ್ಲ. ಕಿರಿಯ ತಮ್ಮ ಫಿಟ್ಜ್ ವಿಲಿಯಂನ ಮರಿಮೊಮ್ಮಗ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್. ಅವನಿಗೆ ಜುಡಿತ್ ಮುತ್ತಜ್ಜನ ಅಕ್ಕ. 1917ರಲ್ಲಿ ಗ್ಲಾಸ್ಟರಿನ ಮನೆಯನ್ನು ಉಳಿಸಲು ಸಂಘ ಕಟ್ಟಿದರು, ಈಗ ಅದು ಸಾರ್ಜೆಂಟ್ ಹೌಸ್ ಮ್ಯೂಸಿಯಂ. ಚಿತ್ರಕಾರನ ಕೆಲವು ಕೃತಿಗಳೂ ಅಲ್ಲಿವೆ. ಮನೆಗೆ ಹಿಂದೆ ಇದ್ದ ಹೆಸರು ಇನ್ನೂ ಉದ್ದ: ಸಾರ್ಜೆಂಟ್-ಮರ್ರೆ-ಗಿಲ್ಮನ್-ಹಫ್ ಮನೆ, ಒಬ್ಬರಾದ ಮೇಲೊಬ್ಬರಂತೆ ಅಲ್ಲಿದ್ದ ಕುಟುಂಬಗಳ ಪಟ್ಟಿ. ಕಟ್ಟಡ, ಬೆಳ್ಳಿ, ಬಣ್ಣದ ಚಿತ್ರ, ಪದವಿ ಇವಕ್ಕೆ ವಾರಸುದಾರರು ಇದ್ದರು. ಮಗಳ ಕಡೆಗೆ ಹೋದ ಕಾಗದಕ್ಕೆ ಇರಲಿಲ್ಲ.

ಸಿಕ್ಕಮೇಲಿನ ಕೆಲಸ. ಹೊತ್ತಿಗೆಗಳು ಜಾಕ್ಸನ್ ನಗರದಲ್ಲಿರುವ ಮಿಸಿಸಿಪಿ ರಾಜ್ಯದ ಪತ್ರಾಗಾರಕ್ಕೆ ಸೇರಿದವು, ಮೈಕ್ರೋಫಿಲ್ಮ್ ಆಯಿತು. ಓದುಗರ ಕೈಗೆ ಫಿಲ್ಮ್ ಕೊಟ್ಟು ಮೂಲವನ್ನು ತಂಪು ಕೋಣೆಯಲ್ಲಿಡುವುದಕ್ಕೆ ರಾಸಾಯನಿಕ ಕಾರಣವಿದೆ. ಆ ಕಾಲದ ಕಪ್ಪು ಶಾಯಿ ಓಕ್ ಮರದ ಗಂಟುಕಾಯಿ ಮತ್ತು ಕಬ್ಬಿಣದ ಸಲ್ಫೇಟಿನದು. ಬಾಣಂತಿ ಮದ್ದಿಗೆ ಗ್ರಂದಿಗೆ ಅಂಗಡಿಯಲ್ಲಿ ಕೇಳುವ ಮಾಚಿಕಾಯಿಯೂ ಇಂಥದೇ ಗಂಟು; ಕಬ್ಬಿಣದ ಸಲ್ಫೇಟ್ ಎಂದರೆ ಅನ್ನಭೇದಿ. ಸುಮಾರು ಮೂರು ಪಾಲು ಗಂಟುಕಾಯಿಗೆ ಒಂದು ಪಾಲು ಅನ್ನಭೇದಿ, ಮೇಲೆ ಅಂಟು, ನೀರು. ಅನ್ನಭೇದಿ ಹೆಚ್ಚಾದರೆ ಮಿಕ್ಕ ಕಬ್ಬಿಣ ಕಾಗದದ ನಾರನ್ನು ಗಾಳಿಯ ಆಮ್ಲಜನಕದ ಜೊತೆ ಸೇರಿ ಕೊರೆಯುತ್ತದೆ, ಶಾಯಿಯಲ್ಲಿ ಹುಟ್ಟಿದ ಗಂಧಕಾಮ್ಲ ಅದಕ್ಕೆ ಜೊತೆ. ಮೊದಲು ಅಕ್ಷರ ಕಂದಾಗುತ್ತದೆ, ಹಿಂದಿನ ಪುಟಕ್ಕೆ ಕಲೆ ಇಳಿಯುತ್ತದೆ, ಕೊನೆಗೆ ಅಕ್ಷರದ ಜಾಗದಲ್ಲಿ ತೂತು. ತೇವ ಇದನ್ನೆಲ್ಲ ಚುರುಕು ಮಾಡುತ್ತದೆ. ಕೋಣೆಯ ಸಾಪೇಕ್ಷ ಆರ್ದ್ರತೆ ಶೇ. 65 ದಾಟಿದರೆ ಬೂಷ್ಟೂ ಏಳುತ್ತದೆ. ಚಿಂದಿ ಬಟ್ಟೆಯ ತಿರುಳಿನಿಂದ ಮಾಡಿದ ಅಂದಿನ ಕಾಗದ ಗಟ್ಟಿ. ನೂರು ವರ್ಷ ಈಚಿನ ಮರದ ತಿರುಳಿನ ಕಾಗದವಾಗಿದ್ದರೆ ಆ ಹವೆಯಲ್ಲಿ ಪುಡಿಯಾಗಿರುತ್ತಿತ್ತು.

ಇಂಥ ಹೊತ್ತಿಗೆಯನ್ನು ಬಿಡಿಸುವಾಗ ಎರಡೂ ರಟ್ಟಿನ ಕೆಳಗೆ ಸ್ಪಂಜಿನ ಇಳಿಜಾರು ದಿಂಬು ಕೊಡಬೇಕು, ಮೇಜಿಗೆ ಚಪ್ಪಟೆಯಾಗಿ ಒತ್ತಿದರೆ ಬೆನ್ನಿನ ಹೊಲಿಗೆ ಹರಿಯುತ್ತದೆ. ಕೈಗವಸಿಗಿಂತ ತೊಳೆದು ಒರೆಸಿದ ಬರಿಗೈ ಮೇಲು. ಗವಸಿನ ನೂಲು ಕಾಗದದ ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಪತ್ರಗಳನ್ನು ಓದಿ ಪ್ರತಿ ಬರೆದುಕೊಳ್ಳುವಾಗ ಹಳೆಯ ಉದ್ದನೆಯ ‘ಎಸ್’ ಅಕ್ಷರವನ್ನು ‘ಎಫ್’ ಎಂದು ಓದುವುದು ಹೊಸಬರ ಮೊದಲ ಎಡವು. ಫಿಲ್ಮ್ ನೋಡಿ ಪ್ರತಿ ಎತ್ತುವವರಿಗೆ ಇನ್ನೊಂದು ತೊಡಕು: ಕಪ್ಪುಬಿಳುಪಿನಲ್ಲಿ ಶಾಯಿಯ ಕಲೆ, ಹೊಡೆದುಹಾಕಿದ ಗೆರೆ, ಹಿಂಬದಿಯಿಂದ ಇಳಿದ ಅಕ್ಷರ ಮೂರೂ ಒಂದೇ ಥರ ಕಾಣುತ್ತವೆ. ಬಾನಿ ಹರ್ಡ್ ಸ್ಮಿತ್ ಹಲವು ವರ್ಷ ಈ ಪ್ರತಿಯೆತ್ತುವ ಕೆಲಸದಲ್ಲಿ ಕಳೆದು, ಪತ್ರಗಳನ್ನು ಭಾಗಭಾಗವಾಗಿ ಹೊರತಂದರು. 1790ರ ಗ್ಲಾಸ್ಟರ್-ಫಿಲಡೆಲ್ಫಿಯಾ ಪ್ರಯಾಣದ ಪತ್ರಗಳು ಅವುಗಳಲ್ಲಿ ರಸವತ್ತಾದವು. ಆಗ ರಾಜಧಾನಿಯಾಗಿದ್ದ ನ್ಯೂಯಾರ್ಕಿನಲ್ಲಿ ಮಾರ್ಥಾ ವಾಷಿಂಗ್ಟನ್ನಳ ಭೇಟಿಯೂ ಅಲ್ಲಿ ಬರುತ್ತದೆ. 2009ರಲ್ಲಿ ಬಂದ ಶೀಲಾ ಸ್ಕೆಂಪ್ ಅವರ ಜೀವನಚರಿತ್ರೆ ಈ ಹೊತ್ತಿಗೆಗಳಿಲ್ಲದೆ ಸಾಧ್ಯವೇ ಇರಲಿಲ್ಲ.

2002ರಲ್ಲಿ ಆರ್ಲಿಂಗ್ಟನ್ ಬಂಗಲೆಗೆ ಬೆಂಕಿ ಬಿತ್ತು, ಮಾಡು ಸುಟ್ಟಿತು. ಹೊತ್ತಿಗೆಗಳು ಹೊರಬಿದ್ದು ಆಗ 18 ವರ್ಷವಾಗಿತ್ತು.

ಇವನ್ನು ಆಧಾರವಾಗಿ ಬಳಸುವವರಿಗೆ ಎರಡು ಎಚ್ಚರ. ನಕಲು ಮೂಲವಲ್ಲ. ಎತ್ತಿ ಬರೆಯುವಾಗ ವಾಕ್ಯ ತಿದ್ದಲು, ಬಿಸಿ ಮಾತು ತಣಿಸಲು, ಇಡೀ ಪತ್ರವನ್ನೇ ಬಿಟ್ಟುಬಿಡಲು ಅವಕಾಶವಿದೆ, ಮತ್ತು ಜುಡಿತ್ ಮುಂದಿನವರು ಓದಲಿ ಎಂದೇ ಬರೆದವಳು. ಪಡೆದವರ ಸಂಗ್ರಹದಲ್ಲಿ ಮೂಲ ಸಿಕ್ಕರೆ, ಉದಾಹರಣೆಗೆ ತಮ್ಮ ವಿನ್ಥ್ರಪ್‌ನ ಕಾಗದಗಳಲ್ಲಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಇನ್ನೊಂದು, ಇವು ಒಂದೇ ಕಡೆಯ ಮಾತು. ಪತ್ರ ಪಡೆದವರು ಏನು ಉತ್ತರ ಕೊಟ್ಟರು ಎಂಬುದು ಇಲ್ಲಿಲ್ಲ.

ಪತ್ರಗಳು ಎಲ್ಲಿ ನಿಲ್ಲುತ್ತವೆ ಎಂಬುದನ್ನೂ ನೋಡಬೇಕು. ಇಪ್ಪತ್ತನೆಯ ಹೊತ್ತಿಗೆ 1818ಕ್ಕೆ ಮುಗಿಯುತ್ತದೆ. ಮನುಷ್ಯರ ಬುದ್ಧಿಗೆ ಲಿಂಗಭೇದವಿಲ್ಲ ಎಂದು ಬರೆದ, ಎಲ್ಲರಿಗೂ ಮುಕ್ತಿಯಿದೆ ಎಂದು ನಂಬಿದ ಹೆಂಗಸು ತನ್ನ ಕೊನೆಯ ಎರಡು ವರ್ಷ ಬದುಕಿದ್ದು ಗುಲಾಮರ ದುಡಿಮೆಯ ಮೇಲೆ ನಿಂತ ಮನೆಯಲ್ಲಿ. ಸೇಂಟ್ ಕ್ಯಾಥರೀನ್ ಹಳ್ಳದ ಬಳಿ ಬಿಂಗಮನ್‌ರ ತೋಟದ ಸ್ಮಶಾನದಲ್ಲಿ ಆಕೆಯ ಗೋರಿ ಇದೆ. ಆ ಎರಡು ವರ್ಷದ ಬಗ್ಗೆ, ವಾರಕ್ಕೊಂದು ಪತ್ರ ಬರೆದು ನಕಲಿಟ್ಟ ಕೈಯಿಂದ, ಆ ಹೊತ್ತಿಗೆಗಳಲ್ಲಿ ಒಂದು ಸಾಲೂ ಇಲ್ಲ.